ಅದೇ ಫ್ಯಾನು ಬೆಂಗಳೂರಲ್ಲಿ 27ಕ್ಕೆ ಇಳಿಸುತ್ತೆ, ಮಂಗಳೂರಲ್ಲಿ 31ಕ್ಕೇ ನಿಲ್ಲುತ್ತೆ: ಉಪ್ಪುನೀರಿನ ಟ್ಯಾಂಕ್‌ಗೆ ಬೇಸಿಗೆಯಲ್ಲಿ ಎಂತ ಮಾಡುವುದು?

ಪಣಂಬೂರಿನ ಅಲೆ, ಮಂಗಳೂರು
21 ಏಪ್ರಿಲ್ 2024, ರಾತ್ರಿ 11:40

ಎಲ್ಲರಿಗೂ ನಮಸ್ಕಾರ. ಉಪ್ಪುನೀರಿನ ಟ್ಯಾಂಕ್ ಇಟ್ಟು 14 ತಿಂಗಳಾಯ್ತು. ಕಳೆದ ಬೇಸಿಗೆಯಲ್ಲಿ ಎರಡು ಕ್ಲೌನ್ ಮೀನು ಮಾತ್ರ ಇದ್ದದ್ದು, ಅವು ಹೇಗೋ ಸುಧಾರಿಸಿದವು. ಈಗ ಒಂದು ಲೆದರ್ ಹವಳ, ಸ್ವಲ್ಪ ಜೋವಾ, ಮಶ್ರೂಮು (ಇವೂ ಹವಳದ ಜಾತಿಯೇ), ಒಂದು ಕ್ಲೀನರ್ ಸಿಗಡಿ, ಒಂದು ಫೈರ್‌ಫಿಶ್ ಉಂಟು. ಟ್ಯಾಂಕ್ 3 ಅಡಿ ಉದ್ದ, ಒಂದೂವರೆ ಅಡಿ ಅಗಲ, ಒಂದೂವರೆ ಎತ್ತರ. ಕಲ್ಲು ಕಳೆದು ಸಂಪ್ (ಟ್ಯಾಂಕಿನ ಅಡಿಯ ಫಿಲ್ಟರ್ ತೊಟ್ಟಿ) ಸೇರಿಸಿದರೆ 200 ಲೀಟರ್ ನೀರು.

ನೀರು ಬೆಳಿಗ್ಗೆ 6ಕ್ಕೆ 30.1 ಡಿಗ್ರಿ, ಮಧ್ಯಾಹ್ನ 3ಕ್ಕೆ 31.4. ಲೆದರ್ ನಾಲ್ಕು ದಿನದಿಂದ ಮುದುಡಿ ಹಳೆ ಚರ್ಮದ ಚಪ್ಪಲಿಯ ಹಾಗೆ ಕೂತಿದೆ. ಸಿಗಡಿ ಕಲ್ಲಿನ ಅಡಿ ಬಿಟ್ಟು ಹೊರಗೆ ಬರುವುದಿಲ್ಲ. ಕ್ಲೌನ್ ಎರಡೂ ಪಂಪಿನ ನೀರು ಬೀಳುವ ಮೂಲೆಯಲ್ಲಿ, ಮೇಲೆ ಮೇಲೆಯೇ.

ಬೆಂಗಳೂರಿನಲ್ಲಿರುವ ನನ್ನ ಅಣ್ಣ ಎರಡು 12 ವೋಲ್ಟ್ ಫ್ಯಾನ್ ಕಟ್ಟಿ 31 ಇದ್ದದ್ದನ್ನು 27ಕ್ಕೆ ಇಳಿಸಿದ್ದಾನೆ. ನಾನು ಅದೇ ಫ್ಯಾನು, ಅದೇ ಎರಡು, ಶುಕ್ರವಾರ ಕಟ್ಟಿದೆ. 31.4 ಇದ್ದದ್ದು 30.9 ಆಯ್ತು, ಅಷ್ಟೆ. ನಾನು ಕಟ್ಟಿದ್ದರಲ್ಲಿ ಎಂತದೋ ತಪ್ಪುಂಟಾ? ಗೊತ್ತಿದ್ದವರು ಹೇಳಿ ಮಾರಾಯ್ರೆ.

ಎರಡನೇ ಮಹಡಿ, ಬೆಂಗಳೂರು
22 ಏಪ್ರಿಲ್, ಬೆಳಿಗ್ಗೆ 8:05

ಫ್ಯಾನ್ ಆ್ಯಂಗಲ್ ತಪ್ಪಿರುತ್ತೆ ಗುರು. ನೇರ ಕೆಳಗೆ ಊದಬಾರದು, ನೀರಿನ ಮೇಲ್ಮೈಗೆ ಓರೆಯಾಗಿ ಸವರಿಕೊಂಡು ಹೋಗ್ಬೇಕು. ಗಾಜಿನ ಮುಚ್ಚಳ ಇದ್ರೆ ತೆಗೆದುಹಾಕಿ. ನಾನು ಮೂರು ವರ್ಷದಿಂದ ಬರೀ ಫ್ಯಾನಲ್ಲೇ ನಡೆಸ್ತಾ ಇದೀನಿ. ಚಿಲ್ಲರ್, ಅಂದ್ರೆ ನೀರು ತಣ್ಣಗೆ ಮಾಡೋ ಮಷೀನ್, ಬೇಕು ಅಂತೆಲ್ಲ ಅಂಗಡಿಯವರು ಹೇಳ್ತಾರೆ, ದುಡ್ಡು ದಂಡ ಕಣ್ರೀ.

ಬಿಸಿಲೂರು, ಕಲಬುರಗಿ
22 ಏಪ್ರಿಲ್, ಬೆಳಿಗ್ಗೆ 9:30

ನಮ್ಮ ಹಾಲಿನ್ಯಾಗ ಮಧ್ಯಾಹ್ನ 38 ಇರ್ತದ. ಹೊರಗಿಂದು ಕೇಳಬ್ಯಾಡ್ರಿ. ಆದರ ಟ್ಯಾಂಕ್ 27.5, ಖರೇನೇ ಹೇಳ್ತೀನಿ, ಬರೇ ಎರಡು ಫ್ಯಾನಿನ ಮ್ಯಾಲೆ. ದಿನಾ 5 ಲೀಟರ್ ನೀರು ಹಾರಿ ಹೋಗ್ತದ, ಅದೊಂದೇ ತ್ರಾಸು.

ಅಂದಂಗ ಹೀಟರ್ ಪ್ಲಗ್ ಕಿತ್ತೀರೇನು? ನಂದು ಹೋದ ವರ್ಷ ಮಾರ್ಚಿನ್ಯಾಗ ಹೀಟರಿನ ಥರ್ಮೋಸ್ಟಾಟ್ ಅಂಟಿಕೊಂಡು ಬಿಟ್ಟಿತ್ತು. ಫ್ಯಾನ್ ಒಂದು ಕಡಿ ತಣ್ಣಗ ಮಾಡ್ಲಿಕ್ಕತ್ತದ, ಹೀಟರ್ ಒಂದು ಕಡಿ ಕಾಸ್ಲಿಕ್ಕತ್ತದ. ಎರಡು ದಿನ ತಲಿ ಕೆರಕೊಂಡೆ. ಬ್ಯಾಸಗ್ಯಾಗ ಹೀಟರ್ ನೀರಿನಿಂದನೇ ತೆಗೆದು ಕಪಾಟಿನ್ಯಾಗ ಇಡ್ರಿ.

ಪಣಂಬೂರಿನ ಅಲೆ, ಮಂಗಳೂರು
22 ಏಪ್ರಿಲ್, ಸಂಜೆ 7:15

ಹೀಟರ್ ನಾನು ತೆಗೆದುಕೊಳ್ಳಲೇ ಇಲ್ಲ, ಮಂಗಳೂರಿನಲ್ಲಿ ಎಂತಕ್ಕೆ ಅದು! ಗಾಜಿನ ಮುಚ್ಚಳವೂ ಇಲ್ಲ, ಬಲೆ ಹಾಕಿದ್ದೇನೆ, ಇಲ್ಲದಿದ್ದರೆ ಫೈರ್‌ಫಿಶ್ ಹಾರಿ ನೆಲಕ್ಕೆ ಬೀಳ್ತದೆ. ಫ್ಯಾನ್ ಓರೆಯಾಗಿಯೇ ಉಂಟು, ನೀರಿನ ಮೇಲೆ ಸಣ್ಣ ಅಲೆ ಏಳುವುದು ಕಾಣ್ತದೆ. ಕಲಬುರಗಿಯವರಿಗೆ 38ರ ಹಾಲಿನಲ್ಲಿ 27.5, ನನಗೆ 32ರ ಹಾಲಿನಲ್ಲಿ 31. ಎಂತ ಅನ್ಯಾಯ ಇದು?

ಮಡಕೆ ಮೇಷ್ಟ್ರು, ಉಡುಪಿ
22 ಏಪ್ರಿಲ್, ರಾತ್ರಿ 9:50

ಮೂವರೂ ಸರಿಯಾಗಿಯೇ ಹೇಳುತ್ತಿದ್ದೀರಿ. ಊರು ಬೇರೆ ಬೇರೆ, ಅಷ್ಟೇ ವ್ಯತ್ಯಾಸ.

ಮಣ್ಣಿನ ಮಡಕೆಯನ್ನು ನೆನಪಿಸಿಕೊಳ್ಳಿ. ಕಲಬುರಗಿಯಲ್ಲಿ ಏಪ್ರಿಲ್ ತಿಂಗಳ ಮಡಕೆ ನೀರು ಕುಡಿದರೆ ಹಲ್ಲು ಜುಮ್ಮೆನ್ನುತ್ತದೆ. ಅದೇ ಮಡಕೆಯನ್ನು ಮಂಗಳೂರಿಗೆ ತಂದಿಟ್ಟರೆ ನಲ್ಲಿ ನೀರಿಗಿಂತ ಒಂಚೂರು ತಂಪು, ಅಷ್ಟೆ. ಮಡಕೆ ತಣ್ಣಗಾಗುವುದು ಅದರ ಮೈಯಿಂದ ನೀರು ಆವಿಯಾಗುವಾಗ ಬಿಸಿಯನ್ನು ಎತ್ತಿಕೊಂಡು ಹೋಗುವುದರಿಂದ. ಗಾಳಿಯಲ್ಲಿ ಮೊದಲೇ ತೇವ ತುಂಬಿದ್ದರೆ ಆವಿಗೆ ಹೋಗಲು ಜಾಗವೇ ಇಲ್ಲ. ನಿಮ್ಮ ಟ್ಯಾಂಕಿನ ಫ್ಯಾನ್ ಮಾಡುವುದೂ ಇದನ್ನೇ. ಅದು ತಂಪು ಗಾಳಿ ಊದುವುದಿಲ್ಲ, ನೀರನ್ನು ಆವಿ ಮಾಡುತ್ತದೆ. ಒಂದು ಲೀಟರ್ ನೀರು ಆವಿಯಾದರೆ ಸುಮಾರು 2,400 ಕಿಲೋಜೂಲ್ ಬಿಸಿ ಹೋಗುತ್ತದೆ. 200 ಲೀಟರ್ ಟ್ಯಾಂಕಿಗೆ ಹೊರಗಿನಿಂದ ಬಿಸಿ ಬರದೇ ಇದ್ದರೆ ಅದು ಹತ್ತಿರ ಹತ್ತಿರ 3 ಡಿಗ್ರಿ. ಸಣ್ಣ ಸಂಗತಿ ಅಲ್ಲ.

ಒಂದು ಪ್ರಯೋಗ ಮಾಡಿ. ಸಾಧಾರಣ ಗಾಜಿನ ಥರ್ಮಾಮೀಟರ್ ತೆಗೆದುಕೊಳ್ಳಿ, ಜ್ವರ ನೋಡುವುದಲ್ಲ. ಬುಡಕ್ಕೆ ಹಳೆ ಪಂಚೆಯ ತುಂಡೊಂದನ್ನು ಒದ್ದೆ ಮಾಡಿ ಸುತ್ತಿ, ಟ್ಯಾಂಕಿನ ಪಕ್ಕದಲ್ಲೇ ಫ್ಯಾನಿನ ಎದುರು ಹತ್ತು ನಿಮಿಷ ಹಿಡಿಯಿರಿ. ಇಳಿದು ಇಳಿದು ಒಂದು ಕಡೆ ನಿಲ್ಲುತ್ತದೆ. ಆ ಅಂಕೆಯೇ ನಿಮ್ಮ ಫ್ಯಾನಿನ ತಳ. ಪ್ರಪಂಚದ ಯಾವ ಫ್ಯಾನ್ ತಂದರೂ ಆ ಕೋಣೆಯಲ್ಲಿ ಅದಕ್ಕಿಂತ ಕೆಳಗೆ ಟ್ಯಾಂಕ್ ಇಳಿಯುವುದಿಲ್ಲ. ಪಂಪು, ಲೈಟಿನ ಬಿಸಿ ಬೇರೆ ಇರುವುದರಿಂದ ಅದರಿಂದ ಒಂದೆರಡು ಡಿಗ್ರಿ ಮೇಲೆಯೇ ನಿಲ್ಲುತ್ತದೆ.

ಮೂವರೂ ಮಾಡಿ ಅಂಕೆ ಹಾಕಿ. ಆಮೇಲೆ ಚಿಲ್ಲರ್ ಬೇಕೋ ಬೇಡವೋ ಮಾತಾಡೋಣ.

ಎರಡನೇ ಮಹಡಿ, ಬೆಂಗಳೂರು
23 ಏಪ್ರಿಲ್, ಮಧ್ಯಾಹ್ನ 2:20

ಮೇಷ್ಟ್ರೇ, ಇದೆಲ್ಲ ಥಿಯರಿ ಅಂದ್ಕೊಂಡೇ ಮಾಡ್ದೆ. ರೂಮು 34. ಒದ್ದೆ ಬಟ್ಟೆ 22.5. ಸುಮ್ನಾದೆ.

ಬಿಸಿಲೂರು, ಕಲಬುರಗಿ
23 ಏಪ್ರಿಲ್, ಮಧ್ಯಾಹ್ನ 3:40

ರೂಮ್ 38, ಬಟ್ಟಿ 23. ನಮ್ಮ ಮಗಳು ನೋಡಿ "ಅಪ್ಪಾ, ಥರ್ಮಾಮೀಟರಿಗೆ ಜ್ವರ ಬಂದದೇನು, ಒದ್ದಿ ಪಟ್ಟಿ ಹಾಕೀರಲ್ಲ" ಅಂತಂದಳು.

ಪಣಂಬೂರಿನ ಅಲೆ, ಮಂಗಳೂರು
23 ಏಪ್ರಿಲ್, ಸಂಜೆ 6:55

ಹಾಲ್ 32.5. ಒದ್ದೆ ಬಟ್ಟೆ 28.8. ಎರಡು ಸಲ ಮಾಡಿದೆ, ಅಷ್ಟೇ ಬರ್ತದೆ.

ಅಂದರೆ ನಾನು ಎಷ್ಟು ಒದ್ದಾಡಿದರೂ 29ರ ಕೆಳಗೆ ಫ್ಯಾನಿನಲ್ಲಿ ಆಗುವುದಿಲ್ಲ ಅಂತ. ಅಣ್ಣನಿಗೆ ಫೋನ್ ಮಾಡಿ ಬೈದು ಆಯ್ತು.

ಮಡಕೆ ಮೇಷ್ಟ್ರು, ಉಡುಪಿ
23 ಏಪ್ರಿಲ್, ರಾತ್ರಿ 9:10

ತಳ 28.8 ಇದ್ದೂ ನಿಮ್ಮದು 30.9ರಲ್ಲಿ ನಿಂತಿದೆ. ಆ ಎರಡು ಡಿಗ್ರಿ ಎಲ್ಲಿಂದ ಬಂತು ನೋಡೋಣ. ಯಾವ ಯಾವ ಪಂಪು ಎಷ್ಟೆಷ್ಟು ವ್ಯಾಟ್?

ಪಣಂಬೂರಿನ ಅಲೆ, ಮಂಗಳೂರು
23 ಏಪ್ರಿಲ್, ರಾತ್ರಿ 9:25

ರಿಟರ್ನ್ ಪಂಪ್ (ಸಂಪಿನಿಂದ ನೀರು ಮೇಲೆತ್ತುವುದು) 45, ವೇವ್‌ಮೇಕರ್ (ನೀರು ಅಲ್ಲಾಡಿಸುವುದು) 10ರದ್ದು ಎರಡು, ಸ್ಕಿಮ್ಮರ್ (ನೊರೆ ಎಬ್ಬಿಸಿ ಕೊಳೆ ತೆಗೆಯುವುದು) ಪಂಪ್ 20. ಎಲ್ಲ ನೀರಿನ ಒಳಗೆಯೇ. ಲೈಟ್ ಎಲ್‌ಇಡಿ, ಬೆಳಿಗ್ಗೆ 10ರಿಂದ ಸಂಜೆ 6.

ಮಡಕೆ ಮೇಷ್ಟ್ರು, ಉಡುಪಿ
23 ಏಪ್ರಿಲ್, ರಾತ್ರಿ 10:00

ಒಟ್ಟು 85 ವ್ಯಾಟ್, ಹಗಲೂ ರಾತ್ರಿ. ನೀರಿನೊಳಗೆ ಮುಳುಗಿರುವ ಪಂಪು ತಿನ್ನುವ ವಿದ್ಯುತ್ತೆಲ್ಲ ಕೊನೆಗೆ ಬಿಸಿಯಾಗಿ ನೀರಿಗೇ ಸೇರುತ್ತದೆ. ನಿಮಗೇ ಗೊತ್ತಿಲ್ಲದೆ 85 ವ್ಯಾಟಿನ ಹೀಟರ್ ಇಟ್ಟುಕೊಂಡಿದ್ದೀರಿ! ಈ ಬಿಸಿಯನ್ನು ಮಾತ್ರ ತೆಗೆಯುವುದಕ್ಕೇ ದಿನಕ್ಕೆ 3 ಲೀಟರ್ ನೀರು ಆವಿಯಾಗಬೇಕು. ನಿಮಗೆ ಎಷ್ಟು ಆವಿಯಾಗುತ್ತಿದೆ?

ಪಣಂಬೂರಿನ ಅಲೆ, ಮಂಗಳೂರು
23 ಏಪ್ರಿಲ್, ರಾತ್ರಿ 10:06

ಒಂದೂವರೆ, ಹೆಚ್ಚೆಂದರೆ ಎರಡು ಲೀಟರ್.

ಮಡಕೆ ಮೇಷ್ಟ್ರು, ಉಡುಪಿ
23 ಏಪ್ರಿಲ್, ರಾತ್ರಿ 10:20

ಹಾಗಾದರೆ ಫ್ಯಾನು ಪಂಪಿನ ಸಾಲವನ್ನೇ ತೀರಿಸಲಾಗದೆ ಬಡ್ಡಿ ಕಟ್ಟುತ್ತಿದೆ. ಮೊದಲು ರಿಟರ್ನ್ ಪಂಪ್ ಬದಲಿಸಿ. ನಿಮಗೆ ಬೇಕಾದಷ್ಟು ನೀರು ಎತ್ತುವ ಡಿಸಿ ಪಂಪು 15-20 ವ್ಯಾಟಿನಲ್ಲಿ ಸಿಗುತ್ತದೆ. ಲೈಟನ್ನು ಸಂಜೆ 5ರಿಂದ ರಾತ್ರಿ 12ಕ್ಕೆ ಸರಿಸಿ. ಹವಳಕ್ಕೆ ಬೆಳಕು ಬೇಕು, ಅದು ಮಧ್ಯಾಹ್ನವೇ ಆಗಬೇಕೆಂದಿಲ್ಲ. ನಿಮಗೂ ಕೆಲಸದಿಂದ ಬಂದ ಮೇಲೆ ನೋಡಲು ಸಿಗುತ್ತದೆ. ಪಶ್ಚಿಮದ ಗೋಡೆಗೆ ಒರಗಿಸಿ ಇಟ್ಟಿದ್ದರೆ ಅದೂ ಒಂದು ಒಲೆಯೇ.

ಮೈಸೂರ್ ಮೀನಮ್ಮ, ಮೈಸೂರು
24 ಏಪ್ರಿಲ್, ಬೆಳಿಗ್ಗೆ 7:00

ಲೆಕ್ಕಾಚಾರ ಎಲ್ಲ ಚೆನ್ನಾಗಿದೆ, ಆದ್ರೆ ಇವರ ಕ್ಲೌನ್ ಮೇಲೆ ಬಂದು ಉಸಿರಾಡ್ತಾ ಇದೆಯಲ್ಲಪ್ಪಾ, ಅದನ್ನ ಮೊದಲು ನೋಡಿ! ನೀರು ಬಿಸಿಯಾದಷ್ಟೂ ಅದರಲ್ಲಿ ಆಮ್ಲಜನಕ ಕಡಿಮೆ ನಿಲ್ಲುತ್ತೆ. ಸಮುದ್ರದ ನೀರಲ್ಲಿ 25 ಡಿಗ್ರಿಗೆ ಲೀಟರಿಗೆ ಸುಮಾರು 6.7 ಮಿಲಿಗ್ರಾಂ ಇರೋದು 31ಕ್ಕೆ 6.1ರ ಹತ್ತಿರ ಬರುತ್ತೆ. ಸಿಹಿನೀರಿಗಿಂತ ಉಪ್ಪುನೀರಲ್ಲಿ ಮೊದಲೇ ಕಡಿಮೆ. ಇತ್ತ ಬಿಸಿಗೆ ಮೀನಿನ ಮೈ ಜೋರಾಗಿ ಓಡ್ತಾ ಇನ್ನೂ ಹೆಚ್ಚು ಕೇಳುತ್ತೆ. ಬೆಳಗಿನ ಜಾವ ಅತಿ ಕಷ್ಟದ ಹೊತ್ತು, ಯಾಕಂದ್ರೆ ರಾತ್ರಿ ಪಾಚಿ, ಹವಳ ಯಾವುದೂ ಆಮ್ಲಜನಕ ಕೊಡಲ್ಲ, ತಾವೇ ತಿನ್ನುತ್ವೆ.

ಇವತ್ತೇ ಒಂದು ವೇವ್‌ಮೇಕರನ್ನ ಮೇಲ್ಮೈ ಕಡೆ ತಿರುಗಿಸಿ, ನೀರು ಕುದಿಯೋ ಹಾಗೆ ಅಲ್ಲಾಡಲಿ. ಸ್ಕಿಮ್ಮರ್ ಯಾವ ಕಾರಣಕ್ಕೂ ನಿಲ್ಲಿಸಬೇಡಿ. ಆಹಾರ ಅರ್ಧ ಮಾಡಿ. ಕರೆಂಟು ಹೋದ್ರೆ ಬ್ಯಾಟರಿ ಏರ್ ಪಂಪ್ ಒಂದು ಇಟ್ಕೊಂಡಿರಿ. ಬೇಸಿಗೇಲಿ ಬರೀ ಬಿಸಿಗಿಂತ, ಬಿಸಿ ಇರುವಾಗ ಹೋಗೋ ಕರೆಂಟಿಗೇ ಮೀನು ಹೆಚ್ಚು ಸಾಯೋದು.

ತುರ್ತಿಗೆ ಐಸ್ ಬಾಟಲಿ ತೇಲಿಬಿಡಿ. ಬಾಟಲಿಯೊಳಗೆ ಆರ್‌ಒ ನೀರೇ ತುಂಬಿ, ಒಡೆದರೂ ನಲ್ಲಿ ನೀರು ಟ್ಯಾಂಕಿಗೆ ಹೋಗಬಾರದು. ಐಸನ್ನ ನೇರವಾಗಿ ಹಾಕಲೇಬಾರದು.

ಪಣಂಬೂರಿನ ಅಲೆ, ಮಂಗಳೂರು
24 ಏಪ್ರಿಲ್, ಬೆಳಿಗ್ಗೆ 7:45

ತಿರುಗಿಸಿದೆ ಅಕ್ಕ. ಹತ್ತು ನಿಮಿಷದಲ್ಲೇ ಕ್ಲೌನ್ ಎರಡೂ ಕೆಳಗೆ ಬಂದವು. ಇದು ಮೊದಲೇ ಹೊಳೆಯಲಿಲ್ಲ ನೋಡಿ. ಒಂದು ಲೀಟರಿನ ಬಾಟಲಿ ಎಷ್ಟು ಇಳಿಸ್ತದೆ?

ಮಡಕೆ ಮೇಷ್ಟ್ರು, ಉಡುಪಿ
24 ಏಪ್ರಿಲ್, ಬೆಳಿಗ್ಗೆ 8:15

ಪೂರ್ತಿ ಕರಗಿ ಟ್ಯಾಂಕಿನ ಬಿಸಿಗೆ ಬರುವಷ್ಟರಲ್ಲಿ ಅರ್ಧ ಡಿಗ್ರಿ. ಆದರೆ ಪಂಪು, ಕೋಣೆಯ ಗಾಳಿ ಸೇರಿ ಗಂಟೆಗೆ ಅಷ್ಟೇ ಬಿಸಿಯನ್ನು ವಾಪಸ್ ತುಂಬುತ್ತಿರುತ್ತವೆ. ಗಂಟೆಗೊಂದು ಬಾಟಲಿ ಹಾಕಿದರೆ ಇದ್ದಲ್ಲೇ ಇರುತ್ತದೆ. ಕರೆಂಟು ಹೋದ ಎರಡು ಮೂರು ತಾಸಿಗೆ ಒಳ್ಳೆಯ ಆಸರೆ, ದಿನನಿತ್ಯದ ದಾರಿ ಅಲ್ಲ. ಒಮ್ಮೆಲೇ ಆರು ಬಾಟಲಿ ಹಾಕಿ ಮೂರು ಡಿಗ್ರಿ ಇಳಿಸುವ ಸಾಹಸ ಬೇಡ. ಎರಡು ತಾಸಿಗೆ ಒಂದು ಡಿಗ್ರಿಗಿಂತ ಜೋರಾಗಿ ಇಳಿಸಬೇಡಿ.

ಜುಗಾಡ್ ಮಾವ, ಹುಬ್ಬಳ್ಳಿ
24 ಏಪ್ರಿಲ್, ಮಧ್ಯಾಹ್ನ 1:10

ಇಷ್ಟಕ್ಕೆಲ್ಲ ಯಾಕ್ರಿ ತಲಿ ಕೆಡಿಸ್ಕೊಂತೀರಿ. ಗುಜರಿಯಾಗ ಹಳೇ ಸಣ್ಣ ಫ್ರಿಜ್ ಸಿಗತೈತಿ. ಎರಡು ತೂತು ಹೊಡದು, ಒಳಗ ಪೈಪಿನ ಸುರುಳಿ ಇಟ್ಟು, ಟ್ಯಾಂಕಿನ ನೀರು ತಿರುಗಿಸಿದ್ರ ಮುಗೀತು. ತಾಮ್ರದ ಪೈಪ್ ಹಾಕ್ರಿ, ಭಾಳ ಬೇಗ ತಣ್ಣಗಾಗತೈತಿ.

ಮೈಸೂರ್ ಮೀನಮ್ಮ, ಮೈಸೂರು
24 ಏಪ್ರಿಲ್, ಮಧ್ಯಾಹ್ನ 1:18

ಅಯ್ಯೋ ತಾಮ್ರ ಬೇಡ! ಬೇಡವೇ ಬೇಡ!

ಯಾಕೆ ಹೀಗೆ ಕಿರುಚ್ತಾ ಇದೀನಿ ಅಂದ್ರೆ, ಎರಡು ವರ್ಷದ ಹಿಂದೆ ನಾನು ನಾಲ್ಕು ದಿನ ಮದುವೆಗೆ ಹೋಗಿದ್ದೆ. ಟಾಪ್ ಅಪ್, ಅಂದ್ರೆ ಆವಿಯಾದಷ್ಟು ನೀರು ಮತ್ತೆ ಹಾಕೋ ಕೆಲಸ ನಮ್ಮತ್ತೆಗೆ ವಹಿಸಿದ್ದೆ. ಪ್ಲಾಸ್ಟಿಕ್ ಕ್ಯಾನಲ್ಲಿದ್ದ ಆರ್‌ಒ ನೀರನ್ನ ಅವರು ಪಾಪ, "ಮೀನಿಗೂ ಒಳ್ಳೇದಾಗ್ಲಿ" ಅಂತ ರಾತ್ರಿಯಿಡೀ ತಾಮ್ರದ ಬಿಂದಿಗೇಲಿಟ್ಟು ಬೆಳಿಗ್ಗೆ ಚೊಂಬಲ್ಲಿ ಹಾಕಿದ್ದಾರೆ. ನಾನು ಬರೋ ಹೊತ್ತಿಗೆ ಸಿಗಡಿ ಎರಡೂ ಇಲ್ಲ, ಬಸವನಹುಳು ಎಲ್ಲ ಅಂಗಾತ. ಮೀನಿಗೆ ಏನೂ ಆಗಿರಲಿಲ್ಲ. ಮನುಷ್ಯರಿಗೆ ಒಳ್ಳೇದು ಅನ್ನೋ ತಾಮ್ರ ಸಿಗಡಿಗೆ, ಹವಳಕ್ಕೆ ವಿಷ. ಅತ್ತೆಗೆ ಇವತ್ತಿಗೂ ಹೇಳಿಲ್ಲ, "ಸೆಖೆಗೆ ಹೋದ್ವು" ಅಂದೆ.

ಮಡಕೆ ಮೇಷ್ಟ್ರು, ಉಡುಪಿ
24 ಏಪ್ರಿಲ್, ಮಧ್ಯಾಹ್ನ 2:00

ಮಾವನವರೇ, ಪ್ಲಾಸ್ಟಿಕ್ ಪೈಪ್ ಹಾಕಿದರೂ ಫ್ರಿಜ್ ಉಪಾಯ ನಡೆಯುವುದಿಲ್ಲ. ಫ್ರಿಜ್ ಇರುವುದು ತಣ್ಣಗಿದ್ದದ್ದನ್ನು ತಣ್ಣಗೇ ಕಾಯುವುದಕ್ಕೆ. ಹಗಲಿರುಳು ಹರಿಯುವ ನೀರಿನಿಂದ ಬಿಸಿ ಹೀರುವ ತಾಕತ್ತು ಅದರ ಸಣ್ಣ ಕಂಪ್ರೆಸರಿಗಿಲ್ಲ. ಪ್ಲಾಸ್ಟಿಕ್ ಪೈಪು ಬಿಸಿಯನ್ನು ಸರಾಗವಾಗಿ ಬಿಟ್ಟುಕೊಡುವುದೂ ಇಲ್ಲ. ಕಂಪ್ರೆಸರ್ ನಿಲ್ಲದೆ ಓಡಿ ಓಡಿ ಸಾಯುತ್ತದೆ. ಎಸಿಯಿಂದ ತೊಟ್ಟಿಕ್ಕುವ ನೀರನ್ನು ಟಾಪ್ ಅಪ್‌ಗೆ ಬಳಸಬಹುದೇ ಎಂದು ಯಾರಾದರೂ ಕೇಳುವ ಮೊದಲೇ ಹೇಳಿಬಿಡುತ್ತೇನೆ: ಅದೂ ತಾಮ್ರದ ಕೊಳವೆಯ ಮೇಲಿಂದಲೇ ಇಳಿದು ಬರುವುದು. ಗಿಡಕ್ಕೆ ಹಾಕಿ.

ಜುಗಾಡ್ ಮಾವ, ಹುಬ್ಬಳ್ಳಿ
24 ಏಪ್ರಿಲ್, ಮಧ್ಯಾಹ್ನ 2:30

ಆತ್ರಿ, ಫ್ರಿಜ್ ಬ್ಯಾಡ. ಸಂಪಿನ್ಯಾಗ ಪೈಪ್ ಬಿಟ್ರ? ನೆಲದಾಗಿರೋ ನೀರು ತಣ್ಣಗ ಇರತೈತಿ.

ಎರಡನೇ ಮಹಡಿ, ಬೆಂಗಳೂರು
24 ಏಪ್ರಿಲ್, ಮಧ್ಯಾಹ್ನ 2:41

ಸಂಪಲ್ಲಿ ಟ್ಯಾಂಕ್ ನೀರೇ ಅಲ್ವಾ ಇರೋದು? ಅದು ಹೇಗೆ ತಣ್ಣಗಿರುತ್ತೆ?

ಜುಗಾಡ್ ಮಾವ, ಹುಬ್ಬಳ್ಳಿ
24 ಏಪ್ರಿಲ್, ಮಧ್ಯಾಹ್ನ 2:44

ಮನಿ ಸಂಪ್ ರೀ ತಮ್ಮಾ! ಅಂಗಳದಾಗಿರೋದು! ನಿಮ್ಮ ಮೀನಿನ ಸಂಪ್ ಅಲ್ಲ!

ಮಡಕೆ ಮೇಷ್ಟ್ರು, ಉಡುಪಿ
24 ಏಪ್ರಿಲ್, ಮಧ್ಯಾಹ್ನ 3:05

ನಗು ಬಂತು. ಆದರೆ ಈ ಉಪಾಯದಲ್ಲಿ ಹುರುಳಿದೆ. ನೆಲದಡಿಯ ತೊಟ್ಟಿಯ ನೀರು ಹಗಲಿನ ಬಿಸಿಗೆ ಅಷ್ಟಾಗಿ ಏರುವುದಿಲ್ಲ. ಉದ್ದನೆಯ ಪ್ಲಾಸ್ಟಿಕ್ ಪೈಪಿನ ಸುರುಳಿಯನ್ನು ಅದರಲ್ಲಿ ಮುಳುಗಿಸಿ ಟ್ಯಾಂಕಿನ ನೀರು ಹಾಯಿಸಿದರೆ ಒಂದೆರಡು ಡಿಗ್ರಿ ಸಿಗಬಹುದು. ಆದರೆ ಪೈಪ್ ಸೋರಿದರೆ ಮನೆಯವರೆಲ್ಲ ಉಪ್ಪುನೀರು ಕುಡಿಯಬೇಕು, ಇಲ್ಲವೇ ಹವಳ ಕ್ಲೋರಿನ್ ಕುಡಿಯಬೇಕು. ನೆಲ ಅಂತಸ್ತಿನಲ್ಲಿದ್ದರೆ ಮಾತ್ರ ಯೋಚಿಸಿ. ಮೂರನೇ ಮಹಡಿಗೆ ನೀರೆತ್ತುವ ಪಂಪಿನ ಬಿಸಿಯೇ ಲಾಭವನ್ನೆಲ್ಲ ತಿಂದುಹಾಕುತ್ತದೆ.

ಎರಡನೇ ಮಹಡಿ, ಬೆಂಗಳೂರು
29 ಏಪ್ರಿಲ್, ಬೆಳಿಗ್ಗೆ 10:30

ಚಿಲ್ಲರ್ ದುಡ್ಡು ದಂಡ ಅಂತ ಜಂಬ ಕೊಚ್ಚಿಕೊಂಡಿದ್ನಲ್ಲ, ಈಗ ತಪ್ಪೊಪ್ಪಿಗೆ. ನಿನ್ನೆ ಬೆಂಗಳೂರಲ್ಲಿ 38.5. ಫ್ಯಾನ್ ಸೋಲಲಿಲ್ಲ, ಟ್ಯಾಂಕ್ 28 ದಾಟಲಿಲ್ಲ. ಎಡವಟ್ಟಾಗಿದ್ದು ನನ್ನಿಂದ. ವೋಟ್ ಹಾಕೋಕೆ ಊರಿಗೆ ಹೋದವನು ರಜೆ ಸೇರಿಸ್ಕೊಂಡು ಐದು ದಿನ ಬಿಟ್ಟು ಬಂದೆ. ಈ ಸಲ ನಮ್ಮ ಏರಿಯಾದಲ್ಲಿ ಬೋರ್ ಬತ್ತಿ ಟ್ಯಾಂಕರ್ ನೀರೇ ಗತಿ. ಆರ್‌ಒ ಮಾಡಿದ್ರೆ ಎರಡು ಪಾಲು ನೀರು ಮೋರಿಗೆ ಹೋಗುತ್ತೆ, ಹಾಗಾಗಿ ಟಾಪ್ ಅಪ್ ಡ್ರಮ್ ಅರ್ಧನೇ ತುಂಬಿಸಿದ್ದೆ. ಎರಡನೇ ದಿನಕ್ಕೇ ಖಾಲಿಯಾಗಿದೆ.

ಬಂದು ನೋಡಿದ್ರೆ ಸಂಪಿನ ನೀರು ಇಳಿದು ರಿಟರ್ನ್ ಪಂಪ್ ಗರ್ ಅಂತ ಗಾಳಿ ಕುಡೀತಾ ಇದೆ. ಲವಣಾಂಶ 35 ಇರ್ಬೇಕಾದ್ದು ರಿಫ್ರಾಕ್ಟೋಮೀಟರಲ್ಲಿ 39! ಗಾಜಿನ ಅಂಚಿಗೆಲ್ಲ ಬಿಳಿ ಉಪ್ಪಿನ ಗೆರೆ, ಸಂಕ್ರಾಂತಿ ರಂಗೋಲಿ ಥರ. ಗಾಬರಿಗೆ ಆರ್‌ಒ ನೀರು ಒಂದೇ ಸಲ ಸುರಿಯೋಕೆ ಹೊರಟವನನ್ನ ಹೆಂಡತಿ ತಡೆದ್ಲು. ನಿನ್ನೆಯಿಂದ ತಾಸಿಗೆ ಅರ್ಧ ಲೀಟರ್ ಹಾಗೆ ಇಳಿಸ್ತಾ ಇದೀನಿ.

ಬಿಸಿಲೂರು, ಕಲಬುರಗಿ
29 ಏಪ್ರಿಲ್, ಬೆಳಿಗ್ಗೆ 11:15

ಅದಕ್ಕೇ ಅಂದಿದ್ದೆ, ದಿನಾ 5 ಲೀಟರ್ ಅಂತ. ಹಾರಿ ಹೋಗೋದು ಬರೇ ನೀರು, ಉಪ್ಪು ಅಲ್ಲೇ ಕುಂದರ್ತದ. ಹೊಸಬರು ಕೆಲವರು ಉಪ್ಪುನೀರೇ ಟಾಪ್ ಅಪ್ ಮಾಡಿ ಇನ್ನಷ್ಟು ಕೆಡಸ್ತಾರ, ಸಾದಾ ಆರ್‌ಒ ನೀರೇ ಹಾಕಬೇಕ್ರಿ. ತೇಲುವ ಸ್ವಿಚ್ಚಿನ ಆಟೋ ಟಾಪ್ ಅಪ್ ಇಲ್ಲದ ಫ್ಯಾನ್ ಹಚ್ಚಬ್ಯಾಡ್ರಿ. ಅದರ ಡ್ರಮ್ಮೂ ಲೆಕ್ಕ ಹಾಕಿ ತುಂಬ್ರಿ: ತುಂಬಾ ಸಣ್ಣದಾದ್ರ ನಿಮ್ಮಂಗಾಗ್ತದ, ಭಾಳ ದೊಡ್ಡದಾಗಿ ಸ್ವಿಚ್ ಕೈಕೊಟ್ಟರ ಇಡೀ ಡ್ರಮ್ ಟ್ಯಾಂಕಿಗೆ ಇಳಿದು ನೆಲ ಎಲ್ಲ ಹೊಳಿ.

ಇನ್ನೊಂದು. 12 ವೋಲ್ಟ್ ಫ್ಯಾನನ್ನ ವೈಫೈ ರೂಟರಿಗೆ ಹಚ್ಚೋ ಸಣ್ಣ ಯುಪಿಎಸ್‌ಗೆ ಕೊಟ್ಟೀನಿ. ಕರೆಂಟ್ ಹೋದ್ರೂ ಎರಡು ತಾಸು ತಿರುಗ್ತಾವ.

ದುಬೈ ಕನ್ನಡಿಗ
30 ಏಪ್ರಿಲ್, ರಾತ್ರಿ 8:20

ಇಲ್ಲಿ ಹೊರಗೆ ಎಷ್ಟೇ ಸುಡಲಿ, ಮನೆಯೊಳಗೆ ಎಸಿ ಇಡೀ ದಿನ ಓಡುವುದರಿಂದ ನನ್ನ ಟ್ಯಾಂಕ್ 25ರಲ್ಲೇ ಇರುತ್ತದೆ. ತೊಂದರೆ ಬರುವುದು ಜುಲೈನಲ್ಲಿ ಊರಿಗೆ ಬರುವಾಗ. ಬಿಲ್ ಉಳಿಸಲು ಎಸಿ ಬಂದ್ ಮಾಡಿ ಬಂದ ವರ್ಷ ಗೆಳೆಯನೊಬ್ಬ ಹೋಗಿ ನೋಡಿದಾಗ ನೀರು 35 ಆಗಿತ್ತಂತೆ. ಏನೂ ಉಳಿಯಲಿಲ್ಲ. ಈಗ ಬಾಗಿಲು ಹಾಕಿದ ಒಂದೇ ಕೋಣೆಗೆ ಟ್ಯಾಂಕ್ ಸರಿಸಿ, ಎಸಿ 27ಕ್ಕೆ ಇಟ್ಟು ಬರುತ್ತೇನೆ. ಮಂಗಳೂರಿನವರಿಗೂ ಅದೇ ಹೇಳುತ್ತೇನೆ: ಮಲಗುವ ಕೋಣೆಯಲ್ಲಿ ಹೇಗೂ ಎಸಿ ಓಡುತ್ತಿದ್ದರೆ ಟ್ಯಾಂಕನ್ನೂ ಅಲ್ಲೇ ಮಲಗಿಸಿ.

ಪಣಂಬೂರಿನ ಅಲೆ, ಮಂಗಳೂರು
30 ಏಪ್ರಿಲ್, ರಾತ್ರಿ 9:40

ಕೋಣೆಗೆ ಸರಿಸುವ ಮಾತು ತೆಗೆದದ್ದಕ್ಕೆ "ಸ್ಕಿಮ್ಮರಿನ ಗೊರಗೊರ ಕೇಳ್ತಾ ನಾನು ಮಲಗ್ಲಿಕ್ಕಿಲ್ಲ, ನೀವು ಬೇಕಾದರೆ ಹಾಲಿನಲ್ಲಿ ಮೀನಿನೊಟ್ಟಿಗೆ ಮಲಗಿ" ಅಂತ ಮನೆಯವರಿಂದ ಉತ್ತರ ಬಂತು. ಅಷ್ಟಕ್ಕೆ ಮುಗಿಯಿತು.

ಎಸಿ ಬರೇ ರಾತ್ರಿ ಹಾಕಿದರೆ ರಾತ್ರಿ 26, ಹಗಲು 31 ಆಗ್ತದಲ್ಲ, ಅದು ಒಳ್ಳೆಯದಾ?

ಮಡಕೆ ಮೇಷ್ಟ್ರು, ಉಡುಪಿ
30 ಏಪ್ರಿಲ್, ರಾತ್ರಿ 10:15

ಒಳ್ಳೆಯದಲ್ಲ. ಒಂದೇ ಸಮ 28.5 ಇರುವುದು ದಿನವೂ 26ಕ್ಕೂ 31ಕ್ಕೂ ಉಯ್ಯಾಲೆ ಆಡುವುದಕ್ಕಿಂತ ಎಷ್ಟೋ ಮೇಲು. ಪುಸ್ತಕದಲ್ಲಿ 25 ಎಂದಿದೆ ಎಂದು ಕರಾವಳಿಯಲ್ಲಿ 25ಕ್ಕೆ ಹಟ ಹಿಡಿಯುವುದು ಬೇಡ. ಏಪ್ರಿಲ್, ಮೇ ತಿಂಗಳಲ್ಲಿ ನಮ್ಮ ಅರಬ್ಬಿ ಸಮುದ್ರದ ಮೇಲ್ನೀರೇ 30ರ ಆಸುಪಾಸಿನಲ್ಲಿರುತ್ತದೆ. ನಿಮ್ಮ ಮೃದು ಹವಳಗಳಿಗೆ 28 ಧಾರಾಳ.

ನಿಮ್ಮ ವಿಷಯದಲ್ಲಿ ಪಂಪ್ ಬದಲಿಸಿ, ಲೈಟ್ ಸರಿಸಿದ ಮೇಲೂ 29.5 ಇದ್ದರೆ ಚಿಲ್ಲರ್ ತೆಗೆದುಕೊಳ್ಳಿ. ಪೆಟ್ಟಿಗೆಯ ಮೇಲೆ "200 ಲೀಟರ್‌ವರೆಗೆ" ಎಂದು ಬರೆದಿದ್ದರೆ ಅದು ತಂಪು ದೇಶದ ಲೆಕ್ಕ. ಇಲ್ಲಿಗೆ ಒಂದು ಹಂತ ದೊಡ್ಡದು ಬೇಕು. ಚಿಕ್ಕದು ನಿಲ್ಲದೆ ಓಡುತ್ತದೆ, ದೊಡ್ಡದು ಓಡಿ ನಿಲ್ಲುತ್ತದೆ. 26ಕ್ಕೆ ಇಡುವ ಬದಲು 28ಕ್ಕೆ ಇಡಿ. 33ರ ಕೋಣೆಯಿಂದ ಗಾಜು ದಾಟಿ ಒಳಬರುವ ಬಿಸಿ ಏಳು ಡಿಗ್ರಿ ಅಂತರಕ್ಕೆ ಹೆಚ್ಚು, ಐದು ಡಿಗ್ರಿಗೆ ಕಡಿಮೆ. ಬಿಲ್ಲಿನಲ್ಲಿ ಗೊತ್ತಾಗುತ್ತದೆ.

ಎರಡನೇ ಮಹಡಿ, ಬೆಂಗಳೂರು
30 ಏಪ್ರಿಲ್, ರಾತ್ರಿ 10:40

ಬಿಲ್ ಅಂದ್ರಲ್ಲ, ಗೃಹಜ್ಯೋತಿ ಇರೋರು ಹುಷಾರು. 300 ವ್ಯಾಟ್ ಚಿಲ್ಲರ್ ದಿನಕ್ಕೆ 8 ಗಂಟೆ ಓಡಿದ್ರೆ ತಿಂಗಳಿಗೆ 72 ಯೂನಿಟ್. ಮೀಟರ್ 200 ದಾಟ್ತು ಅಂದ್ರೆ ಪೂರ್ತಿ ಬಿಲ್ ಕಟ್ಟಬೇಕು. ಕ್ಲೌನ್ ಮೀನಿಗೋಸ್ಕರ ಗ್ಯಾರಂಟಿ ಕಳ್ಕೊಂಡೋನು ಅಂತ ನೆಂಟರು ಆಡ್ಕೋತಾರೆ.

ಮೈಸೂರ್ ಮೀನಮ್ಮ, ಮೈಸೂರು
8 ಮೇ, ಬೆಳಿಗ್ಗೆ 8:30

ಪೇಪರ್ ನೋಡಿದ್ರಾ? ಲಕ್ಷದ್ವೀಪದಲ್ಲಿ ಹವಳ ದೊಡ್ಡ ಪ್ರಮಾಣದಲ್ಲಿ ಬೆಳ್ಳಗಾಗಿದೆ ಅಂತ ಸಿಎಂಎಫ್‌ಆರ್‌ಐ (ಕೇಂದ್ರ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆ) ವಿಜ್ಞಾನಿಗಳು ಹೇಳಿದ್ದಾರೆ. 1998, 2010, 2016ರಲ್ಲೂ ಅಲ್ಲಿ ಹೀಗೇ ಆಗಿತ್ತು. ನಮಗಾದರೆ ಫ್ಯಾನು, ಚಿಲ್ಲರ್ ಉಂಟು, ಸಮುದ್ರಕ್ಕೆ ಯಾರು ಕಟ್ಟೋದು? ಹವಳದ ಮೈಯೊಳಗೆ ಸಣ್ಣ ಪಾಚಿ ಇರುತ್ತಲ್ಲ, ಬಣ್ಣಾನೂ ಊಟಾನೂ ಅದರದ್ದೇ. ಬೇಸಿಗೆಯ ಮಾಮೂಲಿ ಬಿಸಿಗಿಂತ ಒಂದೇ ಡಿಗ್ರಿ ಹೆಚ್ಚಾಗಿ ವಾರಗಟ್ಟಲೆ ನಿಂತರೆ ಸಾಕು, ಹವಳ ಆ ಪಾಚಿಯನ್ನ ಹೊರಹಾಕಿ ಬೆಳ್ಳಗಾಗುತ್ತೆ. ಬೆಳ್ಳಗಾದ ಕೂಡಲೇ ಸತ್ತಿತು ಅಂತಲ್ಲ, ಬೇಗ ತಂಪಾದರೆ ಚೇತರಿಸಿಕೊಳ್ಳುತ್ತೆ. ಹಾಗಾಗಿ ಮನೇಲಿ ಯಾವುದಾದ್ರೂ ಬೆಳ್ಳಗಾದ್ರೆ ಕಿತ್ತು ಎಸೆಯಬೇಡಿ. ಬೆಳಕು ಕಡಿಮೆ ಮಾಡಿ ಕಾಯಿರಿ.

ಹೊಸ ಅಲೆ, ಭಟ್ಕಳ
8 ಮೇ, ಬೆಳಿಗ್ಗೆ 11:00

ನಮಗೆ ನೇತ್ರಾಣಿ ದ್ವೀಪ ಹತ್ತಿರವೇ. ಅಲ್ಲಿಯ ಹವಳ ಬಿಸಿಗೆ ಒಗ್ಗಿಕೊಂಡಿರ್ತದೆ ಅಲ್ವಾ? ಸಣ್ಣ ತುಂಡು ತಂದು ಇಟ್ಟರೆ ಚಿಲ್ಲರೇ ಬೇಡ ಅಂತ ಕಾಣ್ತದೆ.

ನಿರ್ವಾಹಕರು
8 ಮೇ, ಬೆಳಿಗ್ಗೆ 11:20

ತರಬೇಡಿ, ಆ ಸಲಹೆಯನ್ನು ಇಲ್ಲಿ ಯಾರೂ ಮುಂದುವರಿಸಲೂಬೇಡಿ. ಕಲ್ಲುಹವಳಗಳೆಲ್ಲ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಒಂದನೇ ಅನುಸೂಚಿಯಲ್ಲಿವೆ, ಅಂದರೆ ಹುಲಿಗಿರುವಷ್ಟೇ ರಕ್ಷಣೆ. ಕಡಲ ಬೀಸಣಿಗೆ, ಕಡಲ ಕುದುರೆ, ಕಡಲ ಸೌತೆಗೂ ಕಾಯ್ದೆಯ ರಕ್ಷಣೆಯಿದೆ. ನೇತ್ರಾಣಿಗೆ ಹೋದರೆ ಡೈವಿಂಗ್ ಮಾಡಿ, ನೋಡಿ, ಬರಿಗೈಯಲ್ಲಿ ಬನ್ನಿ.

ಪಣಂಬೂರಿನ ಅಲೆ, ಮಂಗಳೂರು
19 ಮೇ, ರಾತ್ರಿ 10:30

ತಡವಾಗಿ ಬರೆಯುತ್ತಿದ್ದೇನೆ, ಬೈಬೇಡಿ. 18 ವ್ಯಾಟಿನ ಡಿಸಿ ಪಂಪ್ ಹಾಕಿ, ಲೈಟ್ ರಾತ್ರಿಗೆ ಸರಿಸಿದ ಮೇಲೆ ಬರೇ ಫ್ಯಾನಿನಲ್ಲಿ 30.9 ಇದ್ದದ್ದು 29.8ಕ್ಕೆ ಬಂತು. ಒಂದು ಡಿಗ್ರಿ ಪುಕ್ಕಟೆ ಸಿಕ್ಕಿದ ಹಾಗೆ. ಆಮೇಲೆ ಸೆಕೆಂಡ್ ಹ್ಯಾಂಡ್ ಚಿಲ್ಲರ್ ಒಂದು ತಂದೆ.

ಮೊದಲ ಮೂರು ದಿನ ಅದು ನಿಲ್ಲಲೇ ಇಲ್ಲ, ಓಡಿದ್ದೇ ಓಡಿದ್ದು, ನೀರು 29ರ ಕೆಳಗೆ ಇಳಿಯಲಿಲ್ಲ. ಮಾರಿದವನು ಮೋಸ ಮಾಡಿದ ಅಂತ ಜಗಳಕ್ಕೆ ಹೊರಟಿದ್ದೆ. ಟ್ಯಾಂಕಿನ ಅಡಿಯ ಕಪಾಟಿನ ಬಾಗಿಲು ತೆಗೆದೆ ನೋಡಿ, ಮುಖಕ್ಕೆ ಇಡ್ಲಿ ಪಾತ್ರೆಯ ಮುಚ್ಚಳ ತೆಗೆದ ಹಾಗೆ ಹಬೆ! ಚಿಲ್ಲರ್ ಬಿಸಿಗಾಳಿ ಬಿಡುವುದು, ಅದೇ ಗಾಳಿಯನ್ನು ಮತ್ತೆ ಎಳೆದುಕೊಳ್ಳುವುದು, ಪಕ್ಕದಲ್ಲಿದ್ದ ಸಂಪನ್ನೂ ಕಾಯಿಸುವುದು. ಬಾಲ್ಕನಿಗೆ ಸಾಗಿಸಿದೆ. ಪೈಪಿಗೆ ಎಸಿ ಮೆಕ್ಯಾನಿಕ್ ಹತ್ತಿರ ಸಿಗುವ ಕಪ್ಪು ಸ್ಪಂಜ್ ಸುತ್ತಿದೆ. ಈಗ 28ಕ್ಕೆ ಇಟ್ಟಿದ್ದೇನೆ, ದಿನಕ್ಕೆ ಆರೇಳು ಗಂಟೆ ಮಾತ್ರ ಓಡ್ತದೆ.

ವಯರ್ ಎಳೆಯಲಿಕ್ಕೆ ಬಂದ ಎಲೆಕ್ಟ್ರಿಷಿಯನ್ ಟ್ಯಾಂಕಿನ ಹಿಂದೆ ನೋಡಿ ಗಾಬರಿಯಾದರು. ಎಕ್ಸ್‌ಟೆನ್ಶನ್ ಬೋರ್ಡ್ ನೆಲದ ಮೇಲೆ, ಅದರ ಮೇಲೆ ಉಪ್ಪಿನ ಪುಡಿ. ಈಗ ಬೋರ್ಡ್ ಗೋಡೆಗೆ ಏರಿದೆ, ಆರ್‌ಸಿಸಿಬಿ (ಕರೆಂಟು ಸೋರಿದರೆ ತಾನೇ ಆಫ್ ಆಗುವ ಸ್ವಿಚ್) ಬಂದಿದೆ, ಪ್ರತಿ ವಯರೂ ಪ್ಲಗ್‌ಗಿಂತ ಕೆಳಗೆ ಜೋತು ಮತ್ತೆ ಮೇಲೇರುವ ಹಾಗೆ ಕಟ್ಟಿದ್ದೇವೆ, ನೀರು ಹರಿದು ಬಂದರೂ ಆ ಬಳುಕಿನಿಂದ ತೊಟ್ಟಿಕ್ಕಿ ನೆಲಕ್ಕೆ ಬೀಳ್ತದೆ. ಇದನ್ನು ಫ್ಯಾನಿಗಿಂತ ಮೊದಲೇ ಮಾಡಬೇಕಿತ್ತು.

ಲೆದರ್ ಮೊನ್ನೆ ಮೈಮೇಲಿನ ಮೇಣದಂಥ ಪೊರೆ ಕಳಚಿತು. ಇವತ್ತು ಸಂಜೆ ಲೈಟ್ ಹತ್ತಿದ ಅರ್ಧ ಗಂಟೆಗೆ ಪಾಲಿಪ್ (ಹವಳದ ಮೈಮೇಲಿನ ಹೂವಿನಂಥ ಸಣ್ಣ ಜೀವಿಗಳು) ಎಲ್ಲ ಹೊರಗೆ.

ಮೈಸೂರ್ ಮೀನಮ್ಮ, ಮೈಸೂರು
19 ಮೇ, ರಾತ್ರಿ 10:45

ಅಬ್ಬಾ, ಸದ್ಯ! ಸಿಗಡಿ?

ಪಣಂಬೂರಿನ ಅಲೆ, ಮಂಗಳೂರು
19 ಮೇ, ರಾತ್ರಿ 10:47

ಕೈ ಹಾಕಿದರೆ ಉಗುರು ಕ್ಲೀನ್ ಮಾಡ್ಲಿಕ್ಕೆ ಬರ್ತಾ ಉಂಟು.

ಮಡಕೆ ಮೇಷ್ಟ್ರು, ಉಡುಪಿ
12 ಜೂನ್, ಸಂಜೆ 5:30

ಮಳೆ ಹಿಡಿಯಿತಲ್ಲ. ಪಣಂಬೂರಿನವರೇ, ಆ ಒದ್ದೆ ಬಟ್ಟೆ ಈಗ ಎಷ್ಟು ತೋರಿಸುತ್ತದೆ?

ಪಣಂಬೂರಿನ ಅಲೆ, ಮಂಗಳೂರು
12 ಜೂನ್, ಸಂಜೆ 6:20

ಹಾಲ್ 28, ಬಟ್ಟೆ 26.5. ಚಿಲ್ಲರ್ ಆರು ದಿನದಿಂದ ಬಾಯಿ ಬಿಟ್ಟಿಲ್ಲ. ಫ್ಯಾನೂ ತೆಗೆದೆ, ಗೋಡೆಯಲ್ಲಿ ಬೂಸಲು ಬರ್ಲಿಕ್ಕೆ ಶುರುವಾಯ್ತು.

ಬಿಸಿಲೂರು, ಕಲಬುರಗಿ
12 ಜೂನ್, ಸಂಜೆ 7:00

ನಮ್ಮ ಕಡಿಗೂ ಎರಡು ಮಳಿ ಆದ್ವು. ಅದಾದಾಗಿಂದ ನಮ್ಮ ಫ್ಯಾನೇ ಕೆಲಸ ಮಾಡವಲ್ದು ನೋಡ್ರಿ, ಬಟ್ಟಿ 25ಕ್ಕ ಏರಿ ಕುಂತದ. ಚಿಲ್ಲರಿನ ಪೈಪಿನ ಅಳತಿ ಎಷ್ಟು ಹಾಕೀರಿ, ಒಂದು ಫೋಟೋ ಹಾಕ್ರಿ.